20 ಸಾವಿರದೊಳಗೆ ಗಟ್ಟಿಮುಟ್ಟಾದ ಡಬಲ್ ಪೆಡಲ್ ಯಾವುದು?

ಎಡಗಾಲು_ತುಮಕೂರು:
ಎಲ್ಲರಿಗೂ ನಮಸ್ಕಾರ. ನನ್ನದು ಐದು ಪೀಸಿನ ಡ್ರಮ್ ಕಿಟ್, ಕಿಕ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) 22 ಇಂಚು. ಇಷ್ಟು ದಿನ ಕಿಟ್ ಜೊತೆ ಬಂದ ಸಿಂಗಲ್ ಪೆಡಲಿನಲ್ಲೇ ಕಾಲ ತಳ್ಳಿದೆ. ಈಗ ಕಾಲೇಜಿನ ಹುಡುಗರು ಸೇರಿ ಮೆಟಲ್ ಬ್ಯಾಂಡ್ ಶುರು ಮಾಡಿದ್ದೇವೆ. ಡಬಲ್ ಇಲ್ಲದೆ ಆಗಲ್ಲ. ವಾರದ ಕೊನೆಗೆ ಆರ್ಕೆಸ್ಟ್ರಾ ಕಾರ್ಯಕ್ರಮಗಳಿಗೂ ಹೋಗ್ತೀನಿ, ಹಾಗಾಗಿ ಪೆಡಲ್ ದಿನಾ ಬಿಚ್ಚಿ ಜೋಡಿಸಿ ಓಡಾಡೋದು ಇದ್ದೇ ಇರುತ್ತೆ.

ಕೈಯಲ್ಲಿರೋದು 20 ಸಾವಿರ, ಅದಕ್ಕಿಂತ ಜಾಸ್ತಿ ಕಷ್ಟ. ಆನ್‌ಲೈನಲ್ಲಿ ಹೆಸರೇ ಕೇಳದ ಕಂಪನಿಗಳದ್ದು ಇದರ ಅರ್ಧ ಬೆಲೆಗೆ ಸಿಗುತ್ತೆ. ಇಲ್ಲ ಅಂದ್ರೆ ದೊಡ್ಡ ಕಂಪನಿಯ ಚಿಕ್ಕ ಮಾಡೆಲ್ ಹೊಸದು. ಅದೂ ಇಲ್ಲ ಅಂದ್ರೆ ಒಳ್ಳೆಯದೊಂದು ಸೆಕೆಂಡ್ ಹ್ಯಾಂಡ್. ಇದರಲ್ಲಿ ಯಾವುದು ಸರಿ? ಚೈನ್ ತಗೋಬೇಕಾ, ಡೈರೆಕ್ಟ್ ಡ್ರೈವಾ? ನಮ್ಮೂರಲ್ಲಿ ಒತ್ತಿ ನೋಡೋಕೆ ಒಂದೂ ಸಿಗಲ್ಲ. ಬೆಂಗಳೂರಿಗೆ ಬರೋದಾದ್ರೆ ಏನು ನೋಡಬೇಕು ಅಂತ ತಿಳ್ಕೊಂಡೇ ಬರ್ತೀನಿ.

ಕಿಕ್_ಕಿಟ್ಟಿ:
ಸ್ವಾಗತ ಗುರು. ಪ್ರಶ್ನೆ ಸರಿಯಾಗಿಯೇ ಕೇಳಿದ್ದೀಯ. ಚೈನೋ ಡೈರೆಕ್ಟ್ ಡ್ರೈವೋ ಅನ್ನೋದನ್ನ ಮಾತ್ರ ಸ್ವಲ್ಪ ಹೊತ್ತು ಪಕ್ಕಕ್ಕಿಡು.

ಡಬಲ್ ಪೆಡಲ್ ಅಂದ್ರೆ ಎರಡು ಪೆಡಲ್ ಅಷ್ಟೇ ಅಲ್ಲ. ಬಲಗಡೆಯದು ಕಿಕ್ಕಿನ ಹೂಪ್ (ಅಂಚಿನ ಬಳೆ) ಹಿಡ್ಕೊಳ್ಳುತ್ತೆ, ಎರಡು ಬೀಟರೂ (ಡ್ರಮ್ಮಿಗೆ ಹೊಡೆಯೋ ಸುತ್ತಿಗೆ) ಅದರ ಮೇಲೇ ಇರ್ತವೆ. ಎಡಗಡೆಯದು ಒಂದು ಶಾಫ್ಟ್ ಮೂಲಕ ಎರಡನೇ ಬೀಟರನ್ನ ತಿರುಗಿಸುತ್ತೆ. ಶಾಫ್ಟಿನ ಎರಡು ತುದಿಯಲ್ಲೂ ಒಂದೊಂದು ಯೂನಿವರ್ಸಲ್ ಜಾಯಿಂಟ್, ಅಂದ್ರೆ ಬಾಗಿದ್ರೂ ತಿರುಗೋ ಕೀಲು. ಬಲಗಾಲು ಹೊಡೆದಿದ್ದು ನೇರ ಬೀಟರಿಗೆ ಹೋಗುತ್ತೆ. ಎಡಗಾಲಿನ ಹೊಡೆತ ಎರಡು ಜಾಯಿಂಟು, ಒಂದು ಶಾಫ್ಟು, ನಾಲ್ಕಾರು ಸ್ಕ್ರೂ ದಾಟಿ ಹೋಗಬೇಕು. ಅಗ್ಗದ ಪೆಡಲ್ ಕೈಕೊಡೋದು ಇಲ್ಲೇ. ಬಲಗಡೆ ಪೆಡಲನ್ನ ಯಾರು ಬೇಕಾದ್ರೂ ಸುಮಾರಾಗಿ ಮಾಡಿಬಿಡ್ತಾರೆ. ಎಡಗಡೆಯದನ್ನ ನೋಡಿ ದುಡ್ಡು ಕೊಡು.

ಅಂಗಡಿಯಲ್ಲಿ ಹೀಗೆ ಮಾಡು. ಎಡಗಡೆ ಫುಟ್‌ಬೋರ್ಡನ್ನ ಒಂದು ಕೈಯಲ್ಲಿ ಅಲ್ಲಾಡದ ಹಾಗೆ ಹಿಡ್ಕೋ. ಇನ್ನೊಂದು ಕೈಯಲ್ಲಿ ಎಡ ಬೀಟರಿನ ತಲೆ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸು. ಫುಟ್‌ಬೋರ್ಡಿಗೆ ಗೊತ್ತೇ ಆಗದ ಹಾಗೆ ಬೀಟರ್ ಆಡ್ತಾ ಇದ್ರೆ ಜಾಯಿಂಟಿನಲ್ಲಿ ಪ್ಲೇ (ಸಡಿಲ) ಇದೆ ಅಂತ. ಹೊಸ ಪೆಡಲಿನಲ್ಲೇ ಅಷ್ಟು ಪ್ಲೇ ಇದ್ರೆ ನಾಳೆ ಇನ್ನೂ ಜಾಸ್ತಿ ಆಗುತ್ತೆ. ಆಮೇಲೆ ಬೀಟರನ್ನ ಅಕ್ಕಪಕ್ಕಕ್ಕೆ ಅಲ್ಲಾಡಿಸು. ಅಲ್ಲಿ ಸಡಿಲ ಇದ್ರೆ ಬೇರಿಂಗು ಹೋಗಿದೆ ಅಥವಾ ಮೊದಲಿಂದಲೂ ಸರಿಯಿಲ್ಲ.

ಎರಡೂ ಪೆಡಲಿನ ಕೆಳಗೆ ಗಟ್ಟಿ ಬೇಸ್ ಪ್ಲೇಟ್ ಇರಲಿ. ತಂತಿ ಬಗ್ಗಿಸಿ ಮಾಡಿದ ತಳ ಸಿಂಗಲ್ ಪೆಡಲಿಗೆ ಸಾಕಾಗುತ್ತೆ. ಡಬಲ್‌ನಲ್ಲಿ ಎಡಗಡೆಯದನ್ನ ಹಿಡ್ಕೊಳ್ಳೋಕೆ ಹೂಪ್ ಇಲ್ಲ, ನೆಲವೇ ಗತಿ.

ನನ್ನ ಮಾತು ಕೇಳೋದಾದ್ರೆ ಹೆಸರಿಲ್ಲದ ಹೊಸದಕ್ಕಿಂತ ಸೆಕೆಂಡ್ ಹ್ಯಾಂಡ್ ತಾಮಾ ಐರನ್ ಕೋಬ್ರಾ 600 ಡಬಲ್ ಹುಡುಕು. ಅದರ ಕ್ಯಾಮನ್ನ (ಚೈನ್ ಸುತ್ತೋ ಚಕ್ರ) ಎರಡು ಥರ ಇಟ್ಕೋಬಹುದು. ಒಂದು ಥರದಲ್ಲಿ ಕೊನೆಗೆ ವೇಗ ಹೆಚ್ಚಾಗುತ್ತೆ, ಇನ್ನೊಂದರಲ್ಲಿ ಮೊದಲಿಂದ ಕೊನೇವರೆಗೂ ಒಂದೇ ಸಮ. ಪರ್ಲ್ ಪಿ-932 ಕೂಡ ಒಳ್ಳೆಯದು. ಅದು ಲಾಂಗ್‌ಬೋರ್ಡ್, ಕಾಲು ಉದ್ದ ಇರೋರಿಗೆ ಹಿತ.

ಪಚ್ಚಿ_ಪಾಮ್‌ಮ್ಯೂಟ್:
ನಾನು ಗಿಟಾರಿಸ್ಟ್, ಆದ್ರೂ ಮೂಗು ತೂರಿಸ್ತೀನಿ. ನಮ್ಮ ಬ್ಯಾಂಡಿನ ಡ್ರಮ್ಮರ್ ಅಗ್ಗದ್ದೇ ತಗೊಂಡ, ಚೆನ್ನಾಗೇ ಬಾರಿಸ್ತಾನೆ. ಮೊದಲು ಅಗ್ಗದ್ದು ತಗೊಂಡು ಕಲ್ತು, ಆಮೇಲೆ ದೊಡ್ಡದು ತಗೊಂಡ್ರೆ ಆಗಲ್ವಾ? ಡಬಲ್ ತನಗೆ ಒಗ್ಗುತ್ತಾ ಅಂತ ಗೊತ್ತಾಗೋ ಮೊದಲೇ ಅಷ್ಟು ದುಡ್ಡು ಯಾಕೆ ಸುರಿಯೋದು?

ಬೇರಿಂಗ್_ಬಸಣ್ಣ:
ಪಚ್ಚಿ ತಮ್ಮಾ, ಗಿಟಾರಿನ ಮಾತು ಬೇರೆ. ಅಗ್ಗದ ಗಿಟಾರು ಸ್ವಲ್ಪ ಬೇಸುರ ಆದ್ರೂ ಬೆರಳು ಕಲೀತದೆ. ಪೆಡಲ್ ಹಂಗಲ್ಲ. ಎಡಗಾಲು ಮೊದಲೇ ಸೊರಗಿರೋ ಕಾಲು. ಅದು ಒತ್ತಿದ್ದು ಒಂದು, ಬೀಟರ್ ಮಾಡಿದ್ದು ಇನ್ನೊಂದು ಆದ್ರೆ ತಪ್ಪು ಕಾಲಿಂದೋ ಪೆಡಲಿಂದೋ ಅಂತ ಗೊತ್ತೇ ಆಗಂಗಿಲ್ಲ. ಕಲಿಯೋರಿಗೇ ಒಳ್ಳೇ ಪೆಡಲ್ ಬೇಕು.

ಹುಬ್ಬಳ್ಳಿಯಲ್ಲಿ ನಂದು ಲೇತ್ ಕೆಲಸ. ಊರಿನ ಡ್ರಮ್ಮರ್ ಹುಡುಗರು ಮುರಿದ ಪೆಡಲ್ ತಂದು ಕೊಡ್ತಾರೆ. ಬರೋದರಲ್ಲಿ ಹೆಚ್ಚಿನವು ಒಂದೇ ಥರ. ಶಾಫ್ಟನ್ನ ಬಿಗಿ ಹಿಡಿಯೋ ಸ್ಕ್ರೂ ಇರ್ತದಲ್ಲ, ಅದರ ಚೌಕ ತಲೆ ಸವೆದು ದುಂಡಗಾಗಿರ್ತದೆ. ಇಲ್ಲಾ ಒಳಗಿನ ಥ್ರೆಡ್ ಹೋಗಿರ್ತದೆ. ಮೆತ್ತನೆ ಲೋಹಕ್ಕೆ ಥ್ರೆಡ್ ಕೊರೆದಿರ್ತಾರೆ, ಪ್ರತಿ ವಾರ ಬಿಚ್ಚಿ ಹಾಕಿದ್ರೆ ಎಷ್ಟು ದಿನ ತಡೀತದೆ? ಸ್ಕ್ರೂ ಜಾರಿತು ಅಂದ್ರೆ ಹಾಡಿನ ನಡುವೆ ಎಡ ಬೀಟರ್ ಸುಮ್ನೆ ಜೋತು ಬೀಳ್ತದೆ. ತುಮಕೂರಿನವ್ರು ಆರ್ಕೆಸ್ಟ್ರಾಗೆ ದಿನಾ ಬಿಚ್ಚಿ ಜೋಡಿಸ್ತೀನಿ ಅಂದಾರೆ. ಅವರಿಗೆ ಅಗ್ಗದ್ದು ಬ್ಯಾಡ.

ಇನ್ನೊಂದು ಮಾತು. ಲಾರಿಯ ಪ್ರೊಪೆಲ್ಲರ್ ಶಾಫ್ಟಿನಲ್ಲೂ ಇದೇ ಜಾಯಿಂಟ್ ಇರೋದು. ಕೋನದಲ್ಲಿ ಕೂತ ಒಂದು ಯೂನಿವರ್ಸಲ್ ಜಾಯಿಂಟ್ ಒಂದೇ ಸಮ ತಿರುಗಂಗಿಲ್ಲ. ಒಂದು ಕಡೆ ಓಡ್ತದೆ, ಒಂದು ಕಡೆ ನಿಧಾನ ಆಗ್ತದೆ. ಎರಡು ಜಾಯಿಂಟಿನ ಕೋನವೂ ಒಂದೇ ಇದ್ದು, ಎರಡರ ಕವಲೂ (ಶಾಫ್ಟಿನ ತುದಿಯ ಫೋರ್ಕ್) ಒಂದೇ ದಿಕ್ಕಿಗಿದ್ರೆ ಒಂದರ ಏರುಪೇರನ್ನ ಇನ್ನೊಂದು ಸರಿ ಮಾಡ್ತದೆ. ಅದಕ್ಕೇ ಒಳ್ಳೇ ಪೆಡಲಿನ ಶಾಫ್ಟು ಒಳಗೆ ಆರು ಮೂಲೆಯದೋ, ಒಂದು ಮಗ್ಗಲು ಚಪ್ಪಟೆ ಇರೋದೋ ಆಗಿರ್ತದೆ. ಉದ್ದ ಹೆಚ್ಚು ಕಮ್ಮಿ ಮಾಡಿದ್ರೂ ಕವಲು ತಿರುಚಂಗಿಲ್ಲ. ದುಂಡನೆ ಶಾಫ್ಟ್ ಇದ್ರೆ ಜೋಡಿಸುವಾಗ ಕಣ್ಣಳತೆಯಲ್ಲಿ ಕವಲು ಸರಿ ಮಾಡ್ಕೋಬೇಕು, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಪಚ್ಚಿ_ಪಾಮ್‌ಮ್ಯೂಟ್:
ಸರಿ ಬಸಣ್ಣ, ಒಪ್ಪಿದೆ. ನಮ್ಮ ಡ್ರಮ್ಮರ್ ಪೆಡಲ್ ಯಾಕೆ ಕಿರ್ ಕಿರ್ ಅನ್ನುತ್ತೆ ಅಂತ ಈಗ ಗೊತ್ತಾಯ್ತು.

ಹಳೇಬೀಟ್:
ನಾನು ಉಲ್ಟಾ ಮಾತಾಡ್ತೀನಿ, ಬೈಬೇಡಿ. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡ್ ನೋಡಿದವರು ಇಲ್ಲಿ ಇರಬಹುದು. ಅವರ ಡ್ರಮ್ಮರ್ ನಿಕೋ ಮ್ಯಾಕ್‌ಬ್ರೇನ್ ಬಾರಿಸಿದ್ದು ಒಂದೇ ಪೆಡಲಿನಲ್ಲಿ. ಆ ಕುದುರೆ ಓಟದಂಥ ಲಯವೆಲ್ಲ ಒಂದೇ ಬಲಗಾಲಿನ ಕೆಲಸ. ಮೊದಲು ಸಿಂಗಲ್ ಪೆಡಲಿನಲ್ಲಿ ಎರಡೆರಡು ಹೊಡೆತ ಗಟ್ಟಿ ಮಾಡ್ಕೊಳ್ಳಿ. ಡಬಲ್ ತಗೊಂಡ ಮೇಲೆ ಬಲಗಾಲು ಸೋಮಾರಿ ಆಗಿಬಿಡುತ್ತೆ.

ಕಿಕ್_ಕಿಟ್ಟಿ:
ಗೌರವದಿಂದಲೇ ಹೇಳ್ತೀನಿ ಸರ್, ಅದೇ ಮೈದಾನದಲ್ಲಿ 2011ರಲ್ಲಿ ಮೆಟಾಲಿಕಾ ಬಂದಿತ್ತು. ಅವರ ಡ್ರಮ್ಮರ್ ಲಾರ್ಸ್ ಉಲ್ರಿಕ್ ಹೊಡೆದಿದ್ದನ್ನ ಒಂದು ಕಾಲಲ್ಲಿ ಹೊಡೆಯೋಕಾಗುತ್ತಾ? ಎರಡು ಕಾಲಿನ ಕಿಕ್ಕು ಮೆಟಲ್‌ನವರು ಕಂಡುಹಿಡಿದಿದ್ದೂ ಅಲ್ಲ. ಜಾಝ್‌ನ ಲೂಯಿ ಬೆಲ್ಸನ್ 1950ರ ದಶಕದಲ್ಲಿ ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನಲ್ಲಿ ಎರಡು ಕಿಕ್ ಇಟ್ಕೊಂಡು ಬಾರಿಸ್ತಿದ್ದರು. ಬಲಗಾಲು ಸೋಮಾರಿ ಆಗುತ್ತೆ ಅನ್ನೋದು ಮಾತ್ರ ನಿಜ, ಅದನ್ನ ಒಪ್ತೀನಿ.

ಲೆಕ್ಕ ನೋಡಿ. 180 ಬಿಪಿಎಂನಲ್ಲಿ (ನಿಮಿಷಕ್ಕೆ 180 ಬೀಟ್) ಹದಿನಾರನೇ ನೋಟ್, ಅಂದ್ರೆ ಒಂದು ಬೀಟಿಗೆ ನಾಲ್ಕು, ಹೊಡೆದ್ರೆ ಸೆಕೆಂಡಿಗೆ 12 ಹೊಡೆತ. ಒಂದೊಂದು ಕಾಲಿಗೆ 6. ಅದನ್ನ ಇಡೀ ಹಾಡು ಎಳೀಬೇಕು. ಇದಕ್ಕೆ ಸಿಂಗಲ್ ಪೆಡಲ್ ಸಾಲಲ್ಲ.

ಬಾರ್‌ಲೈನ್_ಕುಡ್ಲ:
ಚೈನೋ ಡೈರೆಕ್ಟ್ ಡ್ರೈವೋ ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡ್ತೇನೆ. ನಾನು ಚರ್ಚಿನಲ್ಲಿ ಬಾರಿಸುವವ, ಮೆಟಲ್ ಕಡಿಮೆ. ಎರಡೂ ಉಪಯೋಗಿಸಿದ್ದೇನೆ.

ಚೈನ್ ಪೆಡಲಿನಲ್ಲಿ ಕಾಲು ಮತ್ತು ಬೀಟರ್ ನಡುವೆ ಒಂಚೂರು ಸಲಿಗೆ ಇರ್ತದೆ. ಬೀಟರ್ ವಾಪಸ್ ಬರುವಾಗ ಕಾಲು ಹಗುರ ಅನಿಸ್ತದೆ. ಡೈರೆಕ್ಟ್ ಡ್ರೈವಿನಲ್ಲಿ ಚೈನ್ ಬದಲು ಲೋಹದ ಕೊಂಡಿ. ಕಾಲು ಎಷ್ಟು ಆಡಿತೋ ಬೀಟರ್ ಅಷ್ಟೇ ಆಡ್ತದೆ. ಹಿಮ್ಮಡಿ-ಬೆರಳು ತಂತ್ರದಲ್ಲಿ ಒಂದೇ ಕಾಲಲ್ಲಿ ಎರಡು ಹೊಡೆತ ತೆಗೆಯುವವರಿಗೆ ಅದು ಒಳ್ಳೆಯದು. ಆದರೆ ಕಾಲಿನ ತಪ್ಪೂ ಹಾಗೇ ಕೇಳಿಸ್ತದೆ. ಇದರ ಜೊತೆ ಚೈನ್ ಬದಲು ಪಟ್ಟಿ ಇರುವ ಪೆಡಲ್ ಅಂತ ಮೂರನೇದೂ ಉಂಟು, ಸದ್ದಿಲ್ಲದ್ದು, ಮೆತ್ತನೆಯದು. ಈಗ ಸುಲಭಕ್ಕೆ ಸಿಗುವುದಿಲ್ಲ.

ಆಕ್ಸಿಸ್, ಟ್ರಿಕ್, ಪರ್ಲ್ ಡೀಮನ್ ಡ್ರೈವ್ ಎಲ್ಲ ಚಂದದ ಡೈರೆಕ್ಟ್ ಪೆಡಲ್‌ಗಳು. 20 ಸಾವಿರಕ್ಕೆ ಕನಸೇ. ಆ ದುಡ್ಡಿಗೆ ಸಿಗುವ ಡೈರೆಕ್ಟ್ ಡ್ರೈವಿನಲ್ಲಿ ಕೊಂಡಿಯ ಎರಡು ಕಡೆಯೂ ಬೇರಿಂಗ್ ಸರಿ ಇರುವುದಿಲ್ಲ, ಸ್ವಲ್ಪ ದಿನಕ್ಕೆ ಟಕ್ ಟಕ್ ಶುರು. ನಿಮ್ಮ ಬಜೆಟಿಗೆ ಚೈನೇ ಸರಿ. ಜೋಡಿ ಚೈನ್ ಆದರೆ ಅಕ್ಕಪಕ್ಕ ಕಡಿಮೆ ವಾಲ್ತದೆ, ಸಿಂಗಲ್ ಚೈನ್ ಹಗುರ. ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ.

ನನ್ನಂತೆ ಕರಾವಳಿಯವರಿಗೆ ಒಂದು ಕಿವಿಮಾತು. ಮಳೆಗಾಲ ಮುಗಿಯುವಷ್ಟರಲ್ಲಿ ಸ್ಪ್ರಿಂಗು, ಚೈನು, ಚೌಕ ಸ್ಕ್ರೂ ಎಲ್ಲದಕ್ಕೂ ತುಕ್ಕು. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಒಣ ಬಟ್ಟೆಯಲ್ಲಿ ಒರೆಸಿ. ಚೈನಿಗೆ ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಸಾಕು. ತುಕ್ಕು ಬಿಡಿಸುವ ಸ್ಪ್ರೇಯನ್ನು ಬೇರಿಂಗಿಗೆ ಹೊಡೆಯಬೇಡಿ, ಒಳಗಿನ ಗ್ರೀಸ್ ತೊಳೆದು ಹೋಗ್ತದೆ.

ಎಡಗಾಲು_ತುಮಕೂರು:
ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರಲಿಲ್ಲ, ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಮನೆಯಲ್ಲಿ ಚಿಕ್ಕ ಎಲೆಕ್ಟ್ರಾನಿಕ್ ಕಿಟ್ ಇದೆ, ರಾತ್ರಿ ಅದರಲ್ಲೇ ಅಭ್ಯಾಸ. ಅದಕ್ಕೂ ಈ ಪೆಡಲ್ ಹಾಕಬಹುದಾ? ಎರಡನೇದು, ಹೈಹ್ಯಾಟ್ (ಎಡಗಾಲಲ್ಲಿ ತೆರೆದು ಮುಚ್ಚೋ ಜೋಡಿ ಸಿಂಬಲ್) ಸ್ಟ್ಯಾಂಡು ಮತ್ತೆ ಎಡ ಪೆಡಲ್ ಎರಡಕ್ಕೂ ಜಾಗ ಎಲ್ಲಿಂದ ತರೋದು?

ಮೆಶ್‌ಹೆಡ್_ಮೈಸೂರು:
ಎಲೆಕ್ಟ್ರಾನಿಕ್ ವಿಷಯ ನಾನು ಹೇಳ್ತೀನಿ. ಕಿಕ್ ಪ್ಯಾಡಿನ ಮುಖ ಅಗಲ ಇರಬೇಕು. ಎರಡು ಬೀಟರೂ ನಡುಭಾಗದ ಅಕ್ಕಪಕ್ಕ ಬೀಳಬೇಕು. ಚಿಕ್ಕ ಪ್ಯಾಡಿನಲ್ಲಿ ಒಂದು ಬೀಟರ್ ಅಂಚಿಗೆ ಬಿದ್ದು ಸದ್ದು ಸಣ್ಣಗಾಗುತ್ತೆ, ಕೆಲವು ಸಲ ಬರೋದೇ ಇಲ್ಲ. ಪ್ಯಾಡಿನ ಮುಖವನ್ನ ಅಳತೆ ಮಾಡ್ಕೊಂಡು ಹೋಗಿ.

ವೇಗವಾಗಿ ಹೊಡೆದಾಗ ನಡುನಡುವೆ ಹೊಡೆತ ಕಾಣೆಯಾದ್ರೆ ಮಾಡ್ಯೂಲಿನಲ್ಲಿ (ಕಿಟ್ಟಿನ ಸದ್ದು ಹೊರಡಿಸೋ ಪೆಟ್ಟಿಗೆ) ಮಾಸ್ಕ್ ಟೈಮ್ ನೋಡಿ. ಒಂದು ಹೊಡೆತ ಆದ್ಮೇಲೆ ಇಷ್ಟು ಮಿಲಿಸೆಕೆಂಡು ಇನ್ನೊಂದನ್ನ ಲೆಕ್ಕಕ್ಕೆ ತಗೋಬೇಡ ಅಂತ ಅದಕ್ಕೆ ಹೇಳಿರ್ತಾರೆ. ಮೇಲೆ ಕಿಟ್ಟಿ ಹೇಳಿದ 180 ಬಿಪಿಎಂನಲ್ಲಿ ಎರಡು ಹೊಡೆತದ ನಡುವೆ ಇರೋದು ಸುಮಾರು 83 ಮಿಲಿಸೆಕೆಂಡು. ಎರಡು ಕಾಲೂ ಸಮ ಇಲ್ಲದಿದ್ರೆ ಕೆಲವು ಕಡೆ ಅದಕ್ಕಿಂತ ಕಡಿಮೆ. ಅದಕ್ಕೆ ತಕ್ಕಂತೆ ಇಳಿಸಿ.

ಆಮೇಲೆ ಮೇಲಿನ ಮನೆಯಲ್ಲಿ ಇದ್ದೀರಾ? ಹೆಡ್‌ಫೋನ್ ಹಾಕಿದ್ರೂ ಪೆಡಲಿನ ಗುದ್ದು ನೆಲ ಹಿಡಿದು ಕೆಳಗಿನವರ ಮನೆಗೆ ಇಳಿಯುತ್ತೆ. ಎರಡು ಪ್ಲೈವುಡ್ ಹಲಗೆಯ ನಡುವೆ ಟೆನಿಸ್ ಬಾಲ್ ಕೂರಿಸಿ ವೇದಿಕೆ ಮಾಡ್ಕೊಳ್ಳಿ. ಗುದ್ದು ಪೂರ್ತಿ ಹೋಗಲ್ಲ, ಆದ್ರೆ ಓನರ್ ಬಾಗಿಲು ಬಡಿಯೋದು ಕಡಿಮೆ ಆಗುತ್ತೆ. ನನ್ನ ಅನುಭವ.

ಕಿಕ್_ಕಿಟ್ಟಿ:
ಹೈಹ್ಯಾಟ್ ಜಾಗಕ್ಕೆ ಎರಡು ದಾರಿ. ಸ್ಟ್ಯಾಂಡಿನ ಮೂರು ಕಾಲನ್ನ ತಿರುಗಿಸೋಕೆ ಬಂದ್ರೆ ಎಡ ಪೆಡಲ್ ಅದರ ಸಂದಿಯಲ್ಲಿ ಕೂರುತ್ತೆ. ಎರಡೇ ಕಾಲಿನ ಸ್ಟ್ಯಾಂಡ್ ಆದ್ರೆ ಇನ್ನೂ ಸುಲಭ. ಹಳೇ ಸ್ಟ್ಯಾಂಡುಗಳ ಕಾಲು ತಿರುಗಲ್ಲ, ಆಗ ಪೆಡಲಿನ ಜೊತೆ ಸ್ಟ್ಯಾಂಡಿಗೂ ದುಡ್ಡು ತೆಗೆದಿಡಬೇಕು. ಇದನ್ನ ಅಂಗಡಿಯವರು ಮೊದಲೇ ಹೇಳಲ್ಲ.

ಎಡಗಾಲು ಪೆಡಲಿಗೆ ಹೋದ್ಮೇಲೆ ಹೈಹ್ಯಾಟ್ ತೆರೆದುಕೊಳ್ಳುತ್ತೆ ಅಲ್ವಾ? ಅದಕ್ಕೆ ಡ್ರಾಪ್ ಕ್ಲಚ್ ಅಂತ ಇದೆ. ಕೋಲಿನಲ್ಲಿ ತಟ್ಟಿದ್ರೆ ಮೇಲಿನ ಸಿಂಬಲ್ ಕೆಳಗೆ ಬಿದ್ದು ಮುಚ್ಕೊಳ್ಳುತ್ತೆ. ಹೈಹ್ಯಾಟ್ ಪೆಡಲ್ ಒಂದು ಸಲ ಒತ್ತಿದ್ರೆ ಮತ್ತೆ ಹಿಡ್ಕೊಳ್ಳುತ್ತೆ. ಈಗಲೇ ಬೇಡ, ಮೊದಲು ಪೆಡಲ್ ಬರಲಿ.

ಬೇರಿಂಗ್_ಬಸಣ್ಣ:
ಸೆಕೆಂಡ್ ಹ್ಯಾಂಡ್ ತಗೊಳ್ಳೋ ಮೊದಲು ನೋಡಬೇಕಾದ್ದು ಹೇಳ್ತೀನಿ. ಎಲ್ಲಾ ಚೌಕ ಸ್ಕ್ರೂಗಳನ್ನೂ ಡ್ರಮ್ ಕೀಲಿ ಹಾಕಿ ಬಿಚ್ಚಿ, ಮತ್ತೆ ಬಿಗಿ ಮಾಡಿ. ಕೊಡೋರ ಎದುರಿಗೇ ಮಾಡಿ. ಬಿಗಿ ಆಗದೆ ತಿರುಗ್ತಾನೇ ಇದ್ರೆ ಥ್ರೆಡ್ ಹೋಗ್ಯಾದೆ. ಫುಟ್‌ಬೋರ್ಡ್ ಹಿಮ್ಮಡಿ ಪ್ಲೇಟಿಗೆ ಕೂಡೋ ಕೀಲಿನ ಹತ್ತಿರ ಬಿರುಕು ನೋಡಿ. ಚೈನಿನ ಕೊಂಡಿ ಒಂದೊಂದೂ ಮಡಚ್ತದಾ ನೋಡಿ, ತುಕ್ಕಿಗೆ ಗಟ್ಟಿಯಾಗಿದ್ರೆ ಅಲ್ಲೇ ಎಡವ್ತದೆ. ಸ್ಪ್ರಿಂಗು, ಬೀಟರು, ಚೈನು ಬದಲಾಯಿಸಬಹುದು, ಅದಕ್ಕೆ ಹೆದರಬ್ಯಾಡ್ರಿ. ಜಾಯಿಂಟ್ ಹೋಗಿದ್ರೆ, ಎರಕದ ಚೌಕಟ್ಟು ಬಿರುಕು ಬಿಟ್ಟಿದ್ರೆ ಮಾತ್ರ ಎದ್ದು ಬಂದುಬಿಡ್ರಿ.

ಬೇರಿಂಗ್ ಸದ್ದು ಮಾಡಿದ್ರೆ ಬಿಚ್ಚಿ ಹಳೇದನ್ನ ಬೇರಿಂಗ್ ಅಂಗಡಿಗೆ ಒಯ್ದು ತೋರಿಸ್ರಿ. ಅದರ ಮೇಲೇ ನಂಬರ್ ಕೆತ್ತಿರ್ತಾರೆ. ಸಂಗೀತದ ಅಂಗಡಿಗಿಂತ ಅಲ್ಲಿ ಬೇಗ ಸಿಗ್ತದೆ.

ಮೆಶ್‌ಹೆಡ್_ಮೈಸೂರು:
ಆನ್‌ಲೈನ್ ಜಾಹೀರಾತು ನೋಡಿ ಮುಂಗಡ ಕಳಿಸಲೇಬೇಡಿ. ಸೈನ್ಯದಲ್ಲಿದ್ದೀನಿ, ವರ್ಗಾವಣೆ ಆಗಿದೆ, ಅರ್ಧ ಬೆಲೆಗೆ ಕೊಡ್ತೀನಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅನ್ನೋರು ಡ್ರಮ್ ಸಾಮಾನಿಗೂ ಬಂದಿದ್ದಾರೆ. ಬ್ಯಾಂಡಿನವರು ಅಭ್ಯಾಸ ಮಾಡೋ ಜ್ಯಾಮ್ ರೂಮುಗಳಲ್ಲಿ ವಿಚಾರಿಸಿ. ಬ್ಯಾಂಡ್ ಬಿಟ್ಟು ಮದುವೆ, ಇಎಂಐ ಅಂತ ಆದ ಡ್ರಮ್ಮರ್‌ಗಳ ಪೆಡಲ್ ಅಲ್ಲೇ ಸಿಗೋದು.

ಎಡಗಾಲು_ತುಮಕೂರು:
ತಗೊಂಡೆ! ಬೆಂಗಳೂರಿನ ಜ್ಯಾಮ್ ರೂಮ್ ಒಂದರಲ್ಲಿ ವಿಚಾರಿಸಿದಾಗ ಒಬ್ಬರು ಐರನ್ ಕೋಬ್ರಾ 600 ಡಬಲ್ ಮಾರ್ತಿದ್ದರು. ಬಜೆಟ್ ಒಳಗೇ ಆಯ್ತು. ಬಸಣ್ಣ ಹೇಳಿದ ಹಾಗೆ ಎಲ್ಲಾ ಸ್ಕ್ರೂ ಬಿಚ್ಚಿ ಬಿಗಿ ಮಾಡಿದೆ. ಅವರು ನನ್ನ ಮುಖ ನೋಡಿ ನೀವು ಮೆಕ್ಯಾನಿಕ್ಕಾ ಅಂತ ಕೇಳಿದ್ರು. ಜಾಯಿಂಟ್ ಗಟ್ಟಿ ಇದೆ. ಒಂದು ಸ್ಪ್ರಿಂಗ್ ಮಾತ್ರ ಸ್ವಲ್ಪ ಜೋಲು.

ಆದ್ರೆ ಮನೆಗೆ ತಂದು ಹಾಕಿದ್ರೆ ಎಡಗಡೆ ಭಾರ. ಬಲಗಾಲು ಢಮ್ ಅಂದ್ರೆ ಎಡಗಾಲು ಡಬ್ ಅನ್ನುತ್ತೆ. ಇದು ಪೆಡಲ್ ತೊಂದರೆನಾ?

ಕಿಕ್_ಕಿಟ್ಟಿ:
ಅಭಿನಂದನೆ! ಎಡಗಡೆ ಸ್ವಲ್ಪ ಭಾರ ಇರೋದು ಸಹಜ, ಶಾಫ್ಟಿನ ತೂಕವನ್ನೂ ಆ ಕಾಲೇ ಹೊರಬೇಕು. ದೊಡ್ಡ ಬೆಲೆಯ ಪೆಡಲಿನಲ್ಲೂ ಅದು ಪೂರ್ತಿ ಹೋಗಲ್ಲ, ಕಡಿಮೆ ಆಗುತ್ತೆ ಅಷ್ಟೇ. ಹೊಂದಿಸ್ಕೊಳ್ಳೋದು ಹೀಗೆ.

ಮೊದಲು ಸೀಟಿನ ಮೇಲೆ ಕೂತು ಕಣ್ಮುಚ್ಚಿ ಎರಡು ಕಾಲನ್ನೂ ಆರಾಮಾಗಿ ನೆಲದ ಮೇಲಿಡು. ಕಾಲು ಎಲ್ಲಿ ಬಿತ್ತೋ ಪೆಡಲ್ ಅಲ್ಲಿಗೆ ಬರಬೇಕು. ಪೆಡಲ್ ಇದ್ದ ಕಡೆಗೆ ಕಾಲು ಎಳೆದ್ರೆ ಸೊಂಟ ನೋಯುತ್ತೆ. ಆಮೇಲೆ ಮೇಲಿಂದ ಶಾಫ್ಟ್ ನೋಡು. ಜಾಯಿಂಟ್ ಎರಡೂ ಕಡೆ ಜಾಸ್ತಿ ಮುರಿದ ಹಾಗೆ ಕಾಣಬಾರದು. ಪಕ್ಕದಿಂದ ನೋಡಿದ್ರೂ ಶಾಫ್ಟ್ ಹೆಚ್ಚುಕಮ್ಮಿ ನೆಲಕ್ಕೆ ಸಮ ಇರಬೇಕು. ಕಿಕ್ಕನ್ನೇ ಒಂಚೂರು ಎಡಕ್ಕೆ ಸರಿಸಿ ಎರಡು ಬೀಟರೂ ಚರ್ಮದ ನಡುಭಾಗದ ಆಚೆ ಈಚೆ ಬೀಳೋ ಹಾಗೆ ಮಾಡು. ಢಮ್, ಡಬ್ ವ್ಯತ್ಯಾಸದಲ್ಲಿ ಅರ್ಧ ಅಲ್ಲೇ ಹೋಗುತ್ತೆ, ಯಾಕಂದ್ರೆ ಈಗ ನಿನ್ನ ಬಲ ಬೀಟರ್ ನಡುವಿಗೆ ಬಿದ್ದು ಎಡದ್ದು ಅಂಚಿನ ಕಡೆ ಬೀಳ್ತಾ ಇರಬೇಕು.

ಈಗ ಸ್ಪ್ರಿಂಗ್. ಎರಡು ಬೀಟರಿನ ಎತ್ತರ, ಕೋನ ಒಂದೇ ಇರಲಿ. ಪೆಡಲನ್ನ ಕಿಕ್ಕಿನಿಂದ ಬಿಡಿಸಿ ಬೀಟರನ್ನ ಹಿಂದಕ್ಕೆಳೆದು ಬಿಡು. ಎಷ್ಟು ಹೊತ್ತು ತೂಗುತ್ತೆ ನೋಡು. ಇನ್ನೊಂದನ್ನೂ ಹಾಗೇ ಬಿಡು. ಎಡದ್ದು ಬೇಗ ಸುಸ್ತಾಗಿ ನಿಂತ್ರೆ ಜಾಯಿಂಟಿಗೆ ಒಂದು ಹನಿ ಎಣ್ಣೆ, ಅದಾದ್ಮೇಲೆ ಸ್ಪ್ರಿಂಗ್ ಒಂಚೂರು ಬಿಗಿ. ನೀನು ಹೇಳಿದ ಜೋಲು ಸ್ಪ್ರಿಂಗ್ ಎಡಗಡೆಯದೇ ಆಗಿದ್ರೆ ಅದನ್ನ ಬದಲಾಯಿಸಿಬಿಡು. ಎರಡೂ ಒಟ್ಟಿಗೇ ಹೊಸದು ಹಾಕು.

ಬೇರಿಂಗ್_ಬಸಣ್ಣ:
ಎಲ್ಲಾ ಸರಿಹೋದ ಮ್ಯಾಲೆ ದಿನಾ ಬಿಚ್ಚದ ಸ್ಕ್ರೂಗಳಿಗೆ ನೀಲಿ ಥ್ರೆಡ್ ಲಾಕರ್ ಒಂದು ಹನಿ. ಕೆಂಪು ಹಾಕಬ್ಯಾಡ್ರಿ, ಅದು ಬಿಚ್ಚಬೇಕಂದ್ರೆ ಬಿಸಿ ಮಾಡಬೇಕಾಗ್ತದೆ. ದಿನಾ ಬಿಚ್ಚೋ ಶಾಫ್ಟಿನ ಸ್ಕ್ರೂಗೆ ಏನೂ ಬ್ಯಾಡ. ಅದಕ್ಕಿಂತ ಶಾಫ್ಟು ಎಷ್ಟು ಉದ್ದ ಹೊರಗಿತ್ತು ಅಂತ ಮಾರ್ಕರ್ ಪೆನ್ನಿನಲ್ಲಿ ಗೆರೆ ಹಾಕ್ಕೊಳ್ರಿ, ಸ್ಟೇಜ್ ಮ್ಯಾಲೆ ಅವಸರದಲ್ಲಿ ಉಪಯೋಗ ಆಗ್ತದೆ.

ಹಳೇಬೀಟ್:
ಅಭ್ಯಾಸದ ಬಗ್ಗೆ ಒಂದು ಮಾತು ಹೇಳಿಬಿಡ್ತೀನಿ. ಮೆಟ್ರೋನೋಮನ್ನ (ಲಯ ತೋರಿಸೋ ಯಂತ್ರ) 60 ಬಿಪಿಎಂಗೆ ಇಟ್ಟು, ಎಡಗಾಲಿನಿಂದ ಶುರು ಮಾಡಿ. ಎಲ್ಲರೂ ಬಲಗಾಲಿನಿಂದಲೇ ಶುರು ಮಾಡ್ತಾರೆ, ಎಡಗಾಲು ಯಾವಾಗಲೂ ಹಿಂದಿನ ಬೆಂಚು. ಬಲಗಾಲು ಬಾರಿಸೋ ಸಾಮಾನ್ಯ ಬೀಟನ್ನೆಲ್ಲ ಎಡಗಾಲಿಗೇ ಕೊಟ್ಟು ನೋಡಿ. ಎರಡೂ ಕಾಲು ಒಟ್ಟಿಗೆ ಮೇಲಿದ್ದಾಗ ಮೈ ತೂಕ ಸೀಟಿನ ಮೇಲೇ ನಿಲ್ಲಬೇಕು. ಸೀಟ್ ಅಲ್ಲಾಡ್ತಿದ್ರೆ ಅದನ್ನ ಮೊದಲು ಬಿಗಿ ಮಾಡಿ.

ಎಡಗಾಲು_ತುಮಕೂರು:
ಕಿಕ್ಕನ್ನ ಎಡಕ್ಕೆ ಸರಿಸಿದೆ, ಸ್ಪ್ರಿಂಗ್ ಎರಡೂ ಹೊಸದು ಹಾಕಿದೆ. ಈಗ ಸದ್ದು ಹೆಚ್ಚುಕಮ್ಮಿ ಒಂದೇ. ಎಡಗಾಲು ಇನ್ನೂ ಎಡಗಾಲೇ, ಅದಕ್ಕೆ ಪೆಡಲ್ ಏನು ಮಾಡುತ್ತೆ. ಒಂದು ಹೊಸ ತಲೆನೋವು, ಸ್ಟೇಜಿನ ಮೇಲೆ ಎಡ ಪೆಡಲ್ ಮುಂದಕ್ಕೆ ಜಾರ್ತಾ ಹೋಗುತ್ತೆ.

ಬಾರ್‌ಲೈನ್_ಕುಡ್ಲ:
ಬೇಸ್ ಪ್ಲೇಟಿನ ಅಡಿಯಲ್ಲಿ ವೆಲ್ಕ್ರೋ ಅಂಟಿಸಿ, ಕಾರ್ಪೆಟ್ ನೀವೇ ಒಯ್ಯಿರಿ. ಶಾಮಿಯಾನದವರು ಹಾಸುವ ಪ್ಲಾಸ್ಟಿಕ್ ಚಾಪೆ ನಂಬಬೇಡಿ. ಮುಂದಿನ ಅಂಚಿನಲ್ಲಿ ಚೂಪಾದ ಮೊಳೆಯಂಥ ಸ್ಕ್ರೂ ಇರ್ತದೆ, ಅದನ್ನು ಕೆಳಗಿಳಿಸಿದರೆ ಕಾರ್ಪೆಟ್ ಕಚ್ಚಿ ಹಿಡೀತದೆ. ಟೈಲ್ಸ್ ನೆಲದ ಮೇಲೆ ಮಾತ್ರ ಇಳಿಸಬೇಡಿ, ಗೀಚಿ ಹೋಗ್ತದೆ. ಹೂಪ್ ಹಿಡಿಯುವ ಜಾಗಕ್ಕೆ ಹಳೇ ಸೈಕಲ್ ಟ್ಯೂಬಿನ ತುಂಡು ಇಡಿ. ಎರಡು ಬೀಟರ್ ಬೀಳುವ ಚರ್ಮಕ್ಕೆ ಜೋಡಿ ಪ್ಯಾಚ್ ಸಿಗ್ತದೆ, ಅದನ್ನೂ ಅಂಟಿಸಿ. ಇಲ್ಲದಿದ್ದರೆ ಮುಂದಿನ ಖರ್ಚು ಹೊಸ ಹೆಡ್ಡು, ಅಂದರೆ ಆ ಚರ್ಮವೇ.